ಷರಾ ಕಾಲಂ ಅಳಿಸಿದ ಖಜಾಂಚಿ

ಬ್ಯಾಂಕಿನಿಂದ ನಿವೃತ್ತನಾದವನನ್ನು ಕರಾವಳಿಯ ಕ್ರೈಸ್ತ ಸಭೆಗಳು ಹೆಚ್ಚು ಕಾಲ ಸುಮ್ಮನೆ ಕೂರಲು ಬಿಡುವುದಿಲ್ಲ. ಲೆಕ್ಕ ಬಲ್ಲವನು, ಹಗಲು ಹೊತ್ತು ಬಿಡುವಾಗಿರುವವನು, ಹಣದ ವಿಷಯದಲ್ಲಿ ಕೆಟ್ಟ ಹೆಸರಿಲ್ಲದವನು. ಈ ಮೂರೂ ಒಬ್ಬನಲ್ಲೇ ಸಿಕ್ಕಿದರೆ ಆತ ಖಜಾಂಚಿಯಾದ ಎಂದೇ ತಿಳಿಯಬೇಕು. ನಾನೂ ಹಾಗೇ ಆದೆ. ವಾರ್ಷಿಕ ಮಹಾಸಭೆಯಲ್ಲಿ ಯಾರೋ ಹೆಸರು ಸೂಚಿಸಿದರು, ಯಾರೋ ಅನುಮೋದಿಸಿದರು, ಎದುರು ನಿಲ್ಲುವವರಿರಲಿಲ್ಲ. ಮುಂದಿನ ಭಾನುವಾರ ಆರಾಧನೆಯ ನಡುವೆ ಸಭಾಪಾಲಕರಾದ ಅಯ್ಯನವರು ಹೊಸ ಸಮಿತಿಯವರನ್ನೆಲ್ಲ ವೇದಿಯ ಮುಂದೆ ಕರೆದು ನಿಲ್ಲಿಸಿ ಪ್ರಾರ್ಥಿಸಿದರು. ಕೊಟ್ಟ ಕೆಲಸವನ್ನು ನಂಬಿಗಸ್ತರಾಗಿ ಮಾಡುವಿರಾ ಎಂದು ಕೇಳಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಕೊಟ್ಟವನು ನಾನೇ ಇರಬೇಕು.

ನನಗೆ ಪ್ರಸಂಗ ಹೇಳಲು ಬಾರದು. ಹಾಡಲು ಕಂಠವಿಲ್ಲ. ಭಾನುವಾರ ಶಾಲೆಯ ಮಕ್ಕಳ ಮುಂದೆ ನಿಂತರೆ ಐದು ನಿಮಿಷದಲ್ಲಿ ಮಾತು ಮುಗಿಯುತ್ತದೆ. ದೇವರ ಸೇವೆ ಎಂದರೆ ಇವೇ ಎಂದು ತಿಳಿದಿದ್ದ ನನಗೆ, ಲೆಕ್ಕ ಇಡುವುದೂ ಸೇವೆಯೇ ಎಂಬ ಮಾತು ಬಹಳ ಹಿತವಾಗಿ ಕೇಳಿಸಿತು. ಅದು ನಿಜವೂ ಹೌದು. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲೂ ಒಬ್ಬನ ಕೈಯಲ್ಲಿ ಹಣದ ಚೀಲವಿತ್ತು. ಅವನ ಹೆಸರು ಇಸ್ಕರಿಯೋತ ಯೂದ ಎಂಬುದನ್ನು ಮಾತ್ರ ಖಜಾಂಚಿಗಳಾದವರು ಮರೆಯಬಾರದು.

ಯೂದನಂತೆ ಚೀಲಕ್ಕೆ ಕೈಹಾಕುವ ಅಪಾಯ ನನಗಿರಲಿಲ್ಲ. ಆ ಧೈರ್ಯವೇ ನನ್ನನ್ನು ಕೆಡಿಸಿತು. ಹಣ ಕದಿಯದವನು ನಂಬಿಗಸ್ತ ಎಂದುಕೊಂಡು ನಿಶ್ಚಿಂತೆಯಿಂದಿದ್ದೆ.

ನಮ್ಮದು ಬಾಸೆಲ್ ಮಿಶನ್ ಕಾಲದ ಸಭೆ, ಈಗ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಇಂಥ ಸಭೆಗಳಲ್ಲಿ ಹಣದ ಮಾತು ಯಾಕೆ ಇಷ್ಟು ಸೂಕ್ಷ್ಮ ಎಂಬುದಕ್ಕೆ ಹಿಂದಿನ ಕಥೆ ಗೊತ್ತಿರಬೇಕು. 1834ರಲ್ಲಿ ಮಿಶನರಿಗಳು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಮನೆ, ಗೇಣಿ, ಜಾತಿಯ ಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರಿಗೆ ಅನ್ನ ಕೊಡಲೆಂದು ಮಿಶನ್ ಅಚ್ಚುಕೂಟ ತೆರೆಯಿತು, ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ, ಅಮ್ಮ ನೇಯ್ಗೆಯಲ್ಲಿ, ಮನೆ ಮಿಶನ್ ಕಂಪೌಂಡಿನಲ್ಲಿ, ಮಕ್ಕಳು ಮಿಶನ್ ಶಾಲೆಯಲ್ಲಿ. ಕೆಲಸ ಕೊಡುವವರೂ ಪ್ರಸಂಗ ಹೇಳುವವರೂ ಒಂದೇ ಸಂಸ್ಥೆಯವರು. ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಕಳುಹಿಸಿತು, ಕಾರ್ಖಾನೆಗಳು ಬೇರೆಯವರ ಪಾಲಾದವು. ಆಗ ಸಭೆ ಉಳಿಯಬೇಕಾದರೆ ಸಭೆಯವರೇ ಕೊಡಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದ ಮೇಲಂತೂ ವಿದೇಶದ ಹಣದ ಮೇಲೆ ಕಣ್ಣಿಡುವ ಕಾಲ ಮುಗಿಯುತ್ತ ಬಂತು. ತಿಂಗಳ ಚಂದಾ ಅಂಥ ಇತಿಹಾಸ ಹೊತ್ತು ಬಂದದ್ದು. ಅಯ್ಯನವರ ಸಂಬಳಕ್ಕೆ ಡಯಾಸಿಸಿಗೆ ಕಟ್ಟಬೇಕಾದ ಪಾಲು, ಕರೆಂಟು ಬಿಲ್ಲು, ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಕೈಯಾಡಿಸುವ ಖರ್ಚು, ಎಲ್ಲ ಅದರಿಂದಲೇ ನಡೆಯಬೇಕು. ಚಂದಾ ಬಾಕಿ ಬಿದ್ದರೆ ಖಜಾಂಚಿಗೆ ತಲೆಬಿಸಿಯಾಗುವುದು ಸುಳ್ಳಲ್ಲ.

ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವರು ನಿವೃತ್ತ ಮಾಸ್ಟ್ರು. ಅಧಿಕಾರ ಹಸ್ತಾಂತರದ ದಿನ ಅವರು ಉದ್ದ ರಟ್ಟಿನ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ಒಂದೊಂದು ಮನೆಗೆ ಒಂದೊಂದು ಪುಟ. ತಿಂಗಳು, ಮೊತ್ತ, ರಸೀದಿ ಸಂಖ್ಯೆ, ಕೊನೆಗೆ ಷರಾ. ಮೊದಲ ಮೂರು ಕಾಲಂ ಶಾಯಿಯಲ್ಲಿ, ಷರಾ ಪೆನ್ಸಿಲಿನಲ್ಲಿ. ಅಂಕಿಗಳಿಗಿಂತ ಷರಾವೇ ಹೆಚ್ಚು ಜಾಗ ತಿಂದಿತ್ತು. ನಾನು ಅದನ್ನು ಓದಲು ಹೋಗಲಿಲ್ಲ. ಮಾಸ್ಟ್ರ ಲೆಕ್ಕದ ಮೇಲೆ ಆಡಿಟರು ಹಿಂದೆ ಎತ್ತಿದ್ದ ಆಕ್ಷೇಪಗಳನ್ನು ಮಾತ್ರ ಓದಿದೆ. ರಸೀದಿ ತಡವಾಗಿ ಬರೆದದ್ದು, ಸಂಗ್ರಹವಾದ ಹಣ ಕೆಲವು ದಿನ ಮನೆಯಲ್ಲೇ ಉಳಿದದ್ದು, ಒಂದಿಬ್ಬರ ಬಾಕಿಯನ್ನು ಸಮಿತಿಯ ನಿರ್ಣಯವಿಲ್ಲದೆ ಮುಂದೂಡಿದ್ದು. ಆಕ್ಷೇಪಗಳು ಸರಿಯೇ ಇದ್ದವು. ಸಂಜೆ ಹೊತ್ತು ಕೊಡೆ ಹಿಡಿದುಕೊಂಡು ಮನೆಮನೆ ತಿರುಗಿ ಚಂದಾ ಎತ್ತುವ ಈ ಮನುಷ್ಯ, ಹೋದ ಮನೆಯಲ್ಲೆಲ್ಲ ಚಾ ಕುಡಿದು, ಹರಟೆ ಹೊಡೆದು, ಲೆಕ್ಕ ಕೆಡಿಸಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಎಲ್ಲವನ್ನೂ ಎಕ್ಸೆಲ್‌ಗೆ ಏರಿಸಿದೆ. ಪ್ರತಿ ಕುಟುಂಬಕ್ಕೊಂದು ನಂಬರು. ಕಾಣಿಕೆ ಎಣಿಸುವಾಗ ಇಬ್ಬರಿಗೆ ಕಡಿಮೆ ಇರಕೂಡದು, ಎಣಿಕೆ ಪುಸ್ತಕಕ್ಕೆ ಇಬ್ಬರದ್ದೂ ಸಹಿ ಬೀಳಬೇಕು, ಸೋಮವಾರ ಬ್ಯಾಂಕು ತೆರೆಯುತ್ತಲೇ ಹಣ ಜಮಾ ಆಗಬೇಕು ಎಂದು ನಿಯಮ ಮಾಡಿದೆ. ಈ ನಿಯಮಗಳ ಬಗ್ಗೆ ನನಗೆ ಇಂದಿಗೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣ ಕೊಂಡೊಯ್ಯುವಾಗ ಪೌಲನೂ ಒಬ್ಬನೇ ಹೋಗಲಿಲ್ಲ. ಯಾರೂ ಬೆರಳು ತೋರಿಸದಂತೆ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡಿದ್ದ.

ಎಕ್ಸೆಲ್‌ಗೆ ಏರಿಸುವಾಗ ಷರಾ ಕಾಲಂ ಬಿಟ್ಟೆ. ಪರದೆಯ ಅಗಲ ಸಾಲುತ್ತಿರಲಿಲ್ಲ.

ಆ ವರ್ಷದ ಬೆಳೆ ಹಬ್ಬಕ್ಕೂ ನನ್ನದೇ ಉಸ್ತುವಾರಿ. ಮನೆಮನೆಯಿಂದ ಬಂದ ಮಂಗಳೂರು ಸೌತೆ, ಜೀಗುಜ್ಜೆ, ಬಾಳೆಗೊನೆ, ಊರ ಕೋಳಿ, ಕೇಕು ಎಲ್ಲವನ್ನೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಹಾಕುವುದು ರೂಢಿ. ಒಂದು ತೆಂಗಿನಕಾಯಿ ಸಾವಿರಕ್ಕೆ ಹೋಗುತ್ತದೆ; ಕೊಂಡವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ; ಅದೇ ಕಾಯಿ ಮತ್ತೊಮ್ಮೆ ಏಲಮಿಗೆ ಬರುತ್ತದೆ. ಎಲ್ಲ ನಗುನಗುತ್ತಲೇ. ಗಲ್ಫಿನಿಂದ ರಜೆಗೆ ಬಂದವರಿದ್ದರೆ ಏಲಂ ಇನ್ನೂ ಬಿಸಿಯೇರುತ್ತದೆ. ಆ ಸಲ ಚೆನ್ನಾಗಿ ಹಣವಾಯಿತು. ಬಡವರ ನಿಧಿಯ ಪಾಲನ್ನು ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿಡುವುದು ದಡ್ಡತನವೆಂದು ಒಳ್ಳೆಯ ಬಡ್ಡಿ ನೋಡಿ ಠೇವಣಿ ಇಟ್ಟೆ. ಸಮಿತಿ ಮೆಚ್ಚಿಕೊಂಡಿತು. ಆಡಿಟರು, ಸಭೆಯ ಲೆಕ್ಕ ಇಷ್ಟು ಚೊಕ್ಕವಾಗಿದ್ದದ್ದನ್ನು ನೋಡಿಯೇ ಇಲ್ಲ ಎಂದರು. ಪೈಸೆ ಪೈಸೆ ತಾಳೆಯಾಗಿತ್ತು.

ಉಳಿದದ್ದು ಬಾಕಿ ವಸೂಲಿ.

ಬಾಕಿ ಇಟ್ಟವರಿಗೆ ಮಹಾಸಭೆಯಲ್ಲಿ ಮತದ ಹಕ್ಕಿಲ್ಲ ಎಂಬ ನಿಯಮ ನಮ್ಮಲ್ಲಿ ಮೊದಲೇ ಇತ್ತು. ಮತದಾರರ ಪಟ್ಟಿ ಮಾಡುವಾಗ ಹೇಗೂ ಬಾಕಿದಾರರ ಪಟ್ಟಿ ತಯಾರಾಗುತ್ತದೆ. ಅದನ್ನು ದೇವಾಲಯದ ಬಾಗಿಲ ಬಳಿಯ ನೋಟೀಸು ಬೋರ್ಡಿಗೆ ಹಾಕಿದರೆ ತಾವಾಗಿಯೇ ಬಂದು ಕಟ್ಟುತ್ತಾರೆ ಎಂಬ ಉಪಾಯ ನನ್ನದು. ಅಯ್ಯನವರು, “ಹೆಸರು ಹಾಕುವುದು ಬೇಕಾ?” ಎಂದು ಒಮ್ಮೆ ಕೇಳಿದರು. “ಪಾರದರ್ಶಕತೆ ಬೇಕಲ್ಲ ಅಯ್ಯನವರೇ,” ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಪಟ್ಟಿಯಲ್ಲಿ ಹೆಸರು, ಎಷ್ಟು ತಿಂಗಳ ಬಾಕಿ, ಮೊತ್ತ. ಕೆಳಗೆ ನಾನೇ ಒಂದು ವಾಕ್ಯ ಸೇರಿಸಿದೆ: ಬಾಕಿ ಇರುವವರಿಗೆ ಸಭೆಯ ಸೌಲಭ್ಯಗಳು ದೊರೆಯುವುದಿಲ್ಲ. ಸಮಿತಿ ಹಾಗೆಂದು ನಿರ್ಣಯಿಸಿರಲಿಲ್ಲ. ಸಭೆಯ ನಿಯಮಾವಳಿಯಲ್ಲೂ ಆ ಮಾತಿಲ್ಲ. ನೋಟೀಸಿಗೆ ಸ್ವಲ್ಪ ಬಿಗಿ ಬರಲಿ ಎಂದು ಬರೆದದ್ದು, ಅಷ್ಟೇ. ಹಿಂದೆ ಸಾಲಗಾರರಿಗೆ ನೋಟೀಸು ಬರೆದು ಅಭ್ಯಾಸವಾದ ಕೈ.

ಉಪಾಯ ಫಲಿಸಿತು. ಪಟ್ಟಿಯಲ್ಲಿದ್ದ ಅರ್ಧಕ್ಕರ್ಧ ಜನ ಒಂದೇ ತಿಂಗಳಲ್ಲಿ ಕಟ್ಟಿದರು. ಕೆಲವರು ಮುಖ ಊದಿಸಿಕೊಂಡು ಕಟ್ಟಿದರು, ಒಬ್ಬರು ಪಕ್ಕದ ಊರಿನ ಸಭೆಗೆ ಹೋಗತೊಡಗಿದರು. ಅದನ್ನೆಲ್ಲ ನಾನು ಶಿಸ್ತಿನ ಬೆಲೆ ಎಂದುಕೊಂಡೆ.

ಕಟ್ಟದೆ ಉಳಿದವರಲ್ಲಿ ಕಂಪೌಂಡಿನ ಹಿಂಬದಿಯ ಸಾಲುಮನೆಯಲ್ಲಿದ್ದ ಒಬ್ಬ ವಿಧವೆ ಇದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಬೀಡಿ ಕಟ್ಟಿ ಜೀವನ. ಮಗಳು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ನಾನು ಖಜಾಂಚಿಯಾದ ಹೊಸದರಲ್ಲಿ ಅವರ ಚಂದಾ ತಪ್ಪುತ್ತಿರಲಿಲ್ಲ. ಕಾಣಿಕೆ ಚೀಲವನ್ನು ವೆಸ್ಟ್ರಿಯ ಮೇಜಿನ ಮೇಲೆ ಬೋರಲು ಹಾಕಿ ಲಕೋಟೆಗಳನ್ನು ಬೇರೆ ಮಾಡುವಾಗ ಅವರದ್ದು ಯಾವುದೆಂದು ಹೆಸರು ನೋಡದೆಯೇ ಹೇಳಬಹುದಿತ್ತು. ನೋಟಿಗೆ ಹೊಗೆಸೊಪ್ಪಿನ ವಾಸನೆ ಇರುತ್ತಿತ್ತು. ಎಣಿಸುವಾಗ ನಾವು ಮೂಗು ಹಿಂಡಿಕೊಂಡು ನಗುತ್ತಿದ್ದದ್ದೂ ಉಂಟು. ಆಮೇಲೆ ಆ ವಾಸನೆಯ ಲಕೋಟೆ ಬರುವುದು ನಿಂತಿತು. ನಿಂತದ್ದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಎಕ್ಸೆಲ್ಲಿನಲ್ಲಿ ಅವರ ಸಾಲು ಕೆಂಪಾಗುತ್ತ ಹೋಯಿತು. ನೋಟೀಸು ಹಾಕಿದ ಮೇಲೆ ಅವರು ಆರಾಧನೆಗೆ ಬರುವುದೂ ನಿಂತಿತು. ಅದು ಗೊತ್ತಾಗಲಿಲ್ಲ. ಅದಕ್ಕೆ ನನ್ನ ಬಳಿ ಕಾಲಂ ಇರಲಿಲ್ಲ.

ಒಂದು ದಿನ ಬೆಳಕು ಹರಿಯುವ ಮೊದಲೇ ಗೇಟಿನ ಸದ್ದಾಯಿತು. ಅವರ ಮಗಳು.

“ಸರ್, ಅಮ್ಮ ರಾತ್ರಿ ತೀರಿಹೋದರು.”

“ಅಯ್ಯನವರಿಗೆ ಹೇಳಿದೆಯಾ?”

“ಇಲ್ಲ ಸರ್. ಮೊದಲು ಇಲ್ಲಿಗೆ ಬಂದೆ. ಬಾಕಿ ಕಟ್ಟಿ ಆಮೇಲೆ ಅವರ ಹತ್ತಿರ ಹೋಗುವ ಅಂತ. ಗುಂಡಿ ತೆಗೀಲಿಕ್ಕೆ ಹೇಳಬೇಕಲ್ಲ.”

ಸೆರಗಿನ ತುದಿಯ ಗಂಟು ಬಿಚ್ಚಿ ನೋಟಿನ ಒಂದು ಕಟ್ಟು ಮೇಜಿನ ಮೇಲಿಟ್ಟಳು. ಬೀಡಿಗೆ ಸುತ್ತುವ ನೂಲಿನಿಂದ ಕಟ್ಟಿದ್ದು. ಎರಡು ಐನೂರರ ನೋಟು ಹೊರಗೆ, ಒಳಗೆಲ್ಲ ಐವತ್ತು, ಇಪ್ಪತ್ತು, ಹತ್ತು. ಅದೇ ವಾಸನೆ.

ಆ ಹೊತ್ತಿನಲ್ಲಿ ಹೇಳಬಹುದಾಗಿದ್ದ ಮಾತುಗಳು ಎಷ್ಟೋ ಇದ್ದವು. ಸಮಾಧಿಗೂ ಬಾಕಿಗೂ ಸಂಬಂಧವಿಲ್ಲ ಎನ್ನಬಹುದಿತ್ತು. ಹಣ ಒಳಗಿಡು, ನಡೆ, ನಾನೂ ಬರುತ್ತೇನೆ ಎನ್ನಬಹುದಿತ್ತು. ಕೂತುಕೋ ಮಗಾ ಎಂದಾದರೂ ಹೇಳಬಹುದಿತ್ತು. ನಾನು ಲ್ಯಾಪ್‌ಟಾಪು ತೆರೆದೆ. ಅವರ ಸಾಲು ಹುಡುಕಿದೆ. ನೋಟು ಎಣಿಸಿದೆ. ರಸೀದಿ ಬರೆದೆ. ಮೂವತ್ತು ರೂಪಾಯಿ ಹೆಚ್ಚಿತ್ತು. ಚಿಲ್ಲರೆ ಹುಡುಕಿ ವಾಪಸು ಕೊಟ್ಟೆ.

ಅವಳು ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಅದೇ ಸೆರಗಿಗೆ ಕಟ್ಟಿಕೊಂಡಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು. “ಬೋರ್ಡಿನಿಂದ ಅಮ್ಮನ ಹೆಸರು ತೆಗೆಯಬಹುದಾ ಸರ್? ಮಧ್ಯಾಹ್ನ ನೆಂಟರೆಲ್ಲ ಬರ್ತಾರೆ.”

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದು ಕೇಳಿದ್ದು ಇಷ್ಟೇ: “ಒಂದು ಲೋಟ ಕಾಫಿಯಾದರೂ ಕೊಟ್ಟಿರಾ?”

ಹೆಸರು ತೆಗೆಯಲು ನಾನೇ ಹೋದೆ. ಪಟ್ಟಿ ಒಂದೇ ಹಾಳೆಯಲ್ಲಿತ್ತು. ಒಂದು ಹೆಸರನ್ನು ಮಾತ್ರ ತೆಗೆಯುವುದಾದರೆ ಹೊಡೆದುಹಾಕಬೇಕು. ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ. ಇಡೀ ಹಾಳೆಯನ್ನೇ ಕಿತ್ತೆ. ಮಧ್ಯಾಹ್ನ ಸಮಾಧಿಯ ಬಳಿ ಅಯ್ಯನವರು ಮಣ್ಣಿಗೆ ಮಣ್ಣು ಎಂಬ ಕ್ರಮ ಓದುವಾಗ ನಾನು ಜನರ ಹಿಂದೆ ನಿಂತಿದ್ದೆ. ಅಲ್ಲಿ ಬಂದವರಿಂದ ಒಂದೊಂದೇ ಸಂಗತಿ ತಿಳಿಯಿತು. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೀಡಿ ಎಲೆಯನ್ನು ಅಳತೆಗೆ ಕತ್ತರಿಸಲು, ಬೀಡಿಯ ತುದಿ ಮಡಚಲು ಕಣ್ಣು ಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬೀಡಿ ಬ್ರಾಂಚಿನಲ್ಲಿ ನೋಡುವವರು ಸರಿಯಿಲ್ಲದ ಬೀಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲು ಮಜೂರಿ ಕಡಿಮೆಯಾಯಿತು, ಆಮೇಲೆ ಎಲೆ, ಹೊಗೆಸೊಪ್ಪು ಕೊಡುವುದೇ ನಿಂತಿತು. ನೋಟೀಸಿನ ವಿಷಯವನ್ನು ಅವರಿಗೆ ಯಾರೋ ಓದಿ ಹೇಳಿದ್ದರು. ಆ ಕೊನೆಯ ವಾಕ್ಯವನ್ನೂ ಸೇರಿಸಿ. ಅಂದಿನಿಂದ ಮಗಳ ಸಂಬಳದಿಂದ ಹತ್ತು, ಇಪ್ಪತ್ತು ತೆಗೆದು ಬೇರೆ ಕಟ್ಟಿಡಲು ಶುರುಮಾಡಿದರಂತೆ. ಚಂದಾ ಕಟ್ಟಲಿಕ್ಕಲ್ಲ, ಗುಂಡಿಗೆ.

ಅದೇ ಹೊತ್ತಿನಲ್ಲಿ ಬಡವರ ನಿಧಿ ಬ್ಯಾಂಕಿನಲ್ಲಿ ಬಡ್ಡಿ ಬೆಳೆಸುತ್ತಿತ್ತು. ಆ ಠೇವಣಿ ಪತ್ರ ನನ್ನ ಕಪಾಟಿನಲ್ಲಿತ್ತು.

ಮನೆಗೆ ಬಂದು ಮಾಸ್ಟ್ರ ರಟ್ಟಿನ ಪುಸ್ತಕ ಹುಡುಕಿ ತೆಗೆದೆ. ಈ ಸಲ ಷರಾ ಮಾತ್ರ ಓದಿದೆ. ಒಂದು ಮನೆಯ ಪುಟದಲ್ಲಿ “ಮಳೆ, ದೋಣಿ ಇಳಿದಿಲ್ಲ.” ಇನ್ನೊಂದರಲ್ಲಿ “ಮಗಳ ಬಾಣಂತನ, ಮೂರು ತಿಂಗಳು ಕೇಳಬಾರದು.” ಮತ್ತೊಂದರಲ್ಲಿ “ಕುಡಿತ ಮತ್ತೆ ಶುರು, ಅಯ್ಯನವರಿಗೆ ಹೇಳಬೇಕು.” ಊರಿನ ಅನುಕೂಲಸ್ಥರೊಬ್ಬರ ಪುಟದಲ್ಲಿ “ಕೊಡಬಲ್ಲರು, ಕೊಡುವುದಿಲ್ಲ, ಪ್ರಾರ್ಥಿಸಬೇಕು.” ದೊಡ್ಡಮ್ಮನ ಪುಟದ ಕೊನೆಯ ಷರಾ: “ಕಣ್ಣು ಮಂಜು ಅನ್ನುತ್ತಾರೆ. ವಿಚಾರಿಸಬೇಕು.” ವಿಚಾರಿಸುವುದರೊಳಗೆ ಮಾಸ್ಟ್ರ ಅವಧಿ ಮುಗಿದಿತ್ತು. ವಿಚಾರಿಸಬೇಕಾದವನು ನಾನು. ಆ ಪುಟವನ್ನು ಎಕ್ಸೆಲ್‌ಗೆ ಏರಿಸುವಾಗ ಆ ಸಾಲಿನ ಮೇಲೆ ನನ್ನ ಬೆರಳು ಹಾದುಹೋಗಿರಲೇಬೇಕು.

ಕೆಲವು ವಾರಗಳ ನಂತರ ಆರಾಧನೆಯಲ್ಲಿ ವಾಕ್ಯ ಓದುವ ಸರದಿ ನನ್ನದಾಯಿತು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯ, 38ರಿಂದ 44. ಬಡ ವಿಧವೆಯ ಎರಡು ಕಾಸಿನ ಭಾಗ. ಆ ಭಾಗವನ್ನು ನಾನು ಅದೆಷ್ಟೋ ಸಲ ಚಂದಾ ಮನವಿಯಲ್ಲಿ ಬಳಸಿದ್ದೇನೆ. ಆದರೆ ನಾನು ಯಾವಾಗಲೂ ಶುರುಮಾಡುತ್ತಿದ್ದದ್ದು 41ನೆಯ ವಚನದಿಂದ. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತಿದ್ದ ಎಂಬಲ್ಲಿಂದ. ಅಂದು ಮೂರು ವಚನ ಹಿಂದಿನಿಂದ ಓದಬೇಕಾಯಿತು. ಅಲ್ಲಿ ಯೇಸು ನಿಲುವಂಗಿ ತೊಟ್ಟು ಮುಖ್ಯ ಪೀಠಗಳಲ್ಲಿ ಕೂರುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಸುತ್ತಾನೆ. ಅವರ ಮೇಲಿನ ದೊಡ್ಡ ಆರೋಪವೇ ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂಬುದು. ಅದಾದ ಕೂಡಲೇ ಒಬ್ಬ ವಿಧವೆ ಬಂದು ತನ್ನ ಬದುಕಿಗಿದ್ದ ಅಷ್ಟನ್ನೂ ಆ ಪೆಟ್ಟಿಗೆಗೆ ಹಾಕಿ ಹೋಗುತ್ತಾಳೆ. ಅದರ ಬೆನ್ನಿಗೇ, ಮುಂದಿನ ಅಧ್ಯಾಯದ ಮೊದಲಲ್ಲೇ, ಆ ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂದು ಯೇಸು ಹೇಳುತ್ತಾನೆ. ಆ ಹೆಂಗಸಿನ ಕೊಡುಗೆ ದೊಡ್ಡದೇ, ಅನುಮಾನವಿಲ್ಲ. ಆದರೆ ಯೇಸು ಪೆಟ್ಟಿಗೆಯ ಎದುರು ಕೂತು ನೋಡಿದ್ದು ಕೊಡುವವರನ್ನು ಮಾತ್ರವಲ್ಲ. ಕೊನೆಯ ಕಾಸನ್ನೂ ತೆಗೆದುಕೊಂಡು ಅವಳ ರಾತ್ರಿಯ ಊಟಕ್ಕೇನು ಎಂದು ಕೇಳದ ವ್ಯವಸ್ಥೆಯೂ ಆತನ ಕಣ್ಣಿಗೆ ಬಿದ್ದಿತ್ತು ಎಂದು ನಾನೀಗ ಓದುತ್ತೇನೆ. ಅಂದು ಓದುತ್ತಾ 40ನೆಯ ವಚನಕ್ಕೆ ಬಂದಾಗ ನನ್ನ ದನಿ ಕಟ್ಟಿತು. ನೆಗಡಿ ಎಂದುಕೊಂಡರು.

ಈ ಊರಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ದುಡಿದು, ಇಷ್ಟೂ ತಿಳಿಯದೆ ಹೋದದ್ದು ಹೇಗೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಅದನ್ನು ಕಟ್ಟಲು ಬಡವರು ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ, ಏಜೆಂಟನೇ ಮನೆಬಾಗಿಲಿಗೆ ಹೋಗುತ್ತಿದ್ದ. ಪಿಗ್ಮಿ ಏಜೆಂಟನಿಗೆ ಬೀದಿಯ ಯಾವ ಮನೆಯಲ್ಲಿ ಜ್ವರ, ಯಾವ ಅಂಗಡಿಯಲ್ಲಿ ವ್ಯಾಪಾರವಿಲ್ಲ ಎಂಬುದೆಲ್ಲ ಗೊತ್ತಿರುತ್ತದೆ. ನನ್ನ ವೃತ್ತಿ ಜೀವನದುದ್ದಕ್ಕೂ ಅಂಥವರನ್ನು ಮೆಚ್ಚಿಕೊಂಡವನು ನಾನು. ಲಾಭಕ್ಕೆ ನಿಂತ ಬ್ಯಾಂಕು ಎರಡಾಣೆಗೆ ಮನೆಮನೆ ತಿರುಗಿತು. ಸಭೆಯ ಖಜಾಂಚಿಯಾಗಿ ನಾನು ಬೋರ್ಡಿಗೆ ಪಿನ್ನು ಚುಚ್ಚಿ ಕೂತೆ. ಮಾಸ್ಟ್ರು ಕೊಡೆ ಹಿಡಿದು ಮಾಡುತ್ತಿದ್ದದ್ದು ಪಿಗ್ಮಿಯವರ ಕೆಲಸವನ್ನೇ. ಅವರು ಕುಡಿದ ಚಾ ಕೂಡ ಸೇವೆಯ ಭಾಗವಾಗಿತ್ತು.

ಆದಿ ಸಭೆಯಲ್ಲಿ ಖಜಾಂಚಿಯಂಥ ಹುದ್ದೆ ಹೇಗೆ ಬಂತು ಎಂಬುದು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿದೆ. ಅಲ್ಲಿಯೂ ವಿಧವೆಯರೇ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ, ಏಳು ಮಂದಿಯನ್ನು ಆರಿಸಿ ಎಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಯಾರ ಕಡೆಯ ವಿಧವೆಯರು ತಪ್ಪಿಹೋಗುತ್ತಿದ್ದರೋ ಅವರ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟಂತೆ ಕಾಣುತ್ತದೆ. ಬೇಕಾದ ಅರ್ಹತೆಯಾದರೂ ಏನು? ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ. ಒಳ್ಳೆಯ ಹೆಸರು ನನಗಿತ್ತು. ಉಳಿದೆರಡನ್ನು ನನ್ನನ್ನು ಆರಿಸುವಾಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ಏಳು ಮಂದಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು ಪಟ್ಟಿಯಿಂದ ಬಿಟ್ಟುಹೋದವರನ್ನು ಹುಡುಕಲಿ ಎಂದು. ಪಟ್ಟಿ ಮಾಡುವುದನ್ನೇ ನಾನು ಕೆಲಸ ಎಂದುಕೊಂಡಿದ್ದೆ.

ಲೂಕನ 16ನೆಯ ಅಧ್ಯಾಯದ ಮನೆವಾರ್ತೆಯವನ ಸಾಮ್ಯ ನನಗೆ ಯಾವಾಗಲೂ ಇರುಸುಮುರುಸು. ಕೆಲಸ ಹೋಗುವ ಹೊತ್ತಿಗೆ ಆತ ಸಾಲಗಾರರನ್ನು ಕರೆದು ನೂರು ಅಳತೆ ಎಣ್ಣೆಯ ಪತ್ರವನ್ನು ಐವತ್ತು ಮಾಡಿಸುತ್ತಾನೆ, ನೂರು ಅಳತೆ ಗೋಧಿಯನ್ನು ಎಂಬತ್ತು. ಯಜಮಾನ ಅವನನ್ನು ಹೊಗಳುತ್ತಾನೆ! ಬ್ಯಾಂಕಿನವನಿಗೆ ಇದು ಸಸ್ಪೆಂಡ್ ಮಾಡಬೇಕಾದ ಪ್ರಕರಣ. ಈಗಲೂ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆದರೂ ಒಂದು ವಿಷಯ ಕಾಡುತ್ತದೆ. ಆ ಕಳ್ಳ ಮನೆವಾರ್ತೆಯವನಿಗೆ ತನ್ನ ಪುಸ್ತಕದ ಪ್ರತಿ ಸಾಲಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ, ನಾಳೆ ಅವನ ಮುಖ ನೋಡಬೇಕು ಎಂಬುದು ಗೊತ್ತಿತ್ತು. ಪ್ರಾಮಾಣಿಕನಾದ ನನಗೆ ಗೊತ್ತಿರಲಿಲ್ಲ.

ಸಮಿತಿಯಲ್ಲಿ ಎಲ್ಲವನ್ನೂ ಹೇಳಿದೆ. ನೋಟೀಸಿನ ಕೊನೆಯ ವಾಕ್ಯ ನನ್ನದೇ ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಸಿದೆ. ರಾಜೀನಾಮೆ ಕೊಡುತ್ತೇನೆ ಎಂದಾಗ ಸ್ತ್ರೀಯರ ಅನ್ಯೋನ್ಯ ಕೂಟದ ಹಿರಿಯ ಟೀಚರೊಬ್ಬರು, “ಬಿಟ್ಟು ಹೋಗುವುದು ಸುಲಭ. ಕೂತು ಸರಿಮಾಡಿ,” ಎಂದರು. ನನಗೆ ಅಂದು ಬೇಕಾಗಿದ್ದ ಪ್ರಸಂಗ ಅದೊಂದೇ.

ದೊಡ್ಡಮ್ಮನ ಮಗಳ ಮನೆಗೂ ಹೋದೆ. ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಸಮಾಧಿಗೆ ಯಾರ ಬಾಕಿಯನ್ನೂ ಕೇಳುವ ಕ್ರಮ ನಮ್ಮಲ್ಲಿಲ್ಲ, ಹಾಗೆ ಅರ್ಥ ಬರುವಂತೆ ಬರೆದದ್ದು ನನ್ನ ತಪ್ಪು, ಆ ದಿನ ಹಣ ತೆಗೆದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವಳು ಲಕೋಟೆ ಮುಟ್ಟಲಿಲ್ಲ. “ಅಮ್ಮ ದೇವಾಲಯಕ್ಕೆ ಅಂತ ಇಟ್ಟದ್ದು ಸರ್. ಅದನ್ನು ನಾನು ಹೇಗೆ ತೆಗೆದುಕೊಳ್ಳುವುದು?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ರಸೀದಿ ಜೋಪಾನವಾಗಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಬೇಕಲ್ಲ,” ಎಂದಳು. ಅವಳು ಕೊಂಕಿನಿಂದ ಹೇಳಿದ್ದಲ್ಲ. ಕೊಂಕಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸಭೆ ಎಂದರೆ ರಸೀದಿ ಕೇಳುವ ಜಾಗ ಎಂದು ಆ ಮನೆಗೆ ಕಲಿಸಿದವನು ನಾನು, ಆ ಪಾಠವನ್ನು ಒಂದು ಕ್ಷಮೆಯ ಭೇಟಿ ಅಳಿಸಲಾರದು. ಅವಳು ಆರಾಧನೆಗೆ ಬರುತ್ತಾಳೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ನನಗೆ ನಮಸ್ಕಾರ ಹೇಳುತ್ತಾಳೆ. ಚಂದಾ ಒಂದು ತಿಂಗಳೂ ತಪ್ಪಿಸುವುದಿಲ್ಲ. ತಪ್ಪಿಸಿದರೂ ಪರವಾಗಿಲ್ಲ ಎಂದು ಅವಳು ನಂಬುವ ದಿನ ಬಂದರೆ ನನ್ನ ಸೇವೆಯಲ್ಲಿ ಏನೋ ಸರಿಯಾಯಿತೆಂದು ತಿಳಿದುಕೊಳ್ಳುತ್ತೇನೆ.

ಬದಲಾದದ್ದು ಕೆಲವು. ಹೆಸರಿನ ಪಟ್ಟಿ ಬೋರ್ಡಿಗೆ ಹೋಗುವುದಿಲ್ಲ. ಮತದಾರರ ಪಟ್ಟಿಯ ಸಮಯದಲ್ಲಿ ಬಾಕಿ ಇರುವ ಮನೆಗೆ ಇಬ್ಬರು ಹೋಗುತ್ತೇವೆ, ಒಬ್ಬರು ಸ್ತ್ರೀಯರ ಕೂಟದವರು. ಹಣದ ಮಾತು ಕೊನೆಗೆ, ಕೆಲವು ಮನೆಗಳಲ್ಲಿ ಆ ಮಾತೇ ಇಲ್ಲ. ಕೊಡಲಾಗದವರು ಖಾಲಿ ಲಕೋಟೆ ಹಾಕಬಹುದು, ಎಣಿಸುವ ಇಬ್ಬರ ಬಾಯಿಂದ ಅದು ಹೊರಗೆ ಹೋಗುವುದಿಲ್ಲ. ಬಡವರ ನಿಧಿಯ ಠೇವಣಿ ಒಡೆಸಿದೆವು. ವರ್ಷದ ಕೊನೆಗೆ ಆ ನಿಧಿಯಲ್ಲಿ ಹೆಚ್ಚು ಹಣ ಉಳಿದಿದ್ದರೆ ಅದಕ್ಕೆ ಖಜಾಂಚಿ ಮಹಾಸಭೆಗೆ ಕಾರಣ ಕೊಡಬೇಕು ಎಂದು ನಿರ್ಣಯವಾಗಿದೆ. ಮೊದಲ ವೆಚ್ಚ ಒಬ್ಬ ಮುದುಕರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಓಡಾಟಕ್ಕೆ ಆಯಿತು. ದೊಡ್ಡಮ್ಮನಿಗೂ ಬೇಕಾಗಿದ್ದದ್ದು ಅಷ್ಟೇ ಆಗಿತ್ತು. ಎಕ್ಸೆಲ್ಲಿನಲ್ಲಿ ಷರಾ ಕಾಲಂ ವಾಪಸು ಬಂದಿದೆ. ಕಂಪ್ಯೂಟರಿನಲ್ಲಿ ಬರೆದರೆ ಯಾರ ಕಣ್ಣಿಗಾದರೂ ಬೀಳಬಹುದಾದ ಸಂಗತಿಗಳನ್ನು ಮಾಸ್ಟ್ರ ಹಾಗೆ ಪೆನ್ಸಿಲಿನಲ್ಲಿ ಬೇರೆ ಪುಸ್ತಕದಲ್ಲಿ ಬರೆಯುತ್ತೇನೆ.

ಸಂಗ್ರಹ ಮೊದಲಿಗಿಂತ ತುಸು ಕಡಿಮೆಯಾಗಿದೆ. ಅದನ್ನು ಮುಚ್ಚಿಡುವುದಿಲ್ಲ. ಡಯಾಸಿಸಿನ ಪಾಲು ಕಟ್ಟುವ ತಿಂಗಳಲ್ಲಿ ಈಗಲೂ ನಿದ್ದೆ ಬರುವುದಿಲ್ಲ, ಕೊಡಬಲ್ಲವರ ಮನೆಗೆ ಹೋಗಿ ಮುಖ ನೋಡಿ ಕೇಳುತ್ತೇನೆ. ಬೋರ್ಡಿಗೆ ಹೆಸರು ಹಾಕುವುದಕ್ಕಿಂತ ಅದು ಕಷ್ಟದ ಕೆಲಸ. ಆ ಕಷ್ಟ ತಪ್ಪಿಸಿಕೊಳ್ಳಲೆಂದೇ ನೋಟೀಸು ಬರೆದಿದ್ದೆ ಎಂಬುದು ಈಗ ಸ್ಪಷ್ಟವಾಗಿದೆ.

ನನ್ನ ಅವಧಿ ಮುಗಿಯುತ್ತಿದೆ. ಮುಂದಿನವನು ಲೆಕ್ಕಶಾಸ್ತ್ರ ಓದಿದ ಹುಡುಗ, ನನಗಿಂತ ಚುರುಕು. ಲೆಕ್ಕದ ವಿಷಯದಲ್ಲಿ ಅವನಿಗೆ ನಾನು ಹೇಳಿಕೊಡುವಂಥದ್ದೇನೂ ಇಲ್ಲ. ಅಧಿಕಾರ ಕೊಡುವ ಮೊದಲು ಒಂದು ತಿಂಗಳು ಅವನನ್ನು ಜೊತೆಗೆ ಕರೆದುಕೊಂಡು ಮನೆಮನೆ ಹೋಗುತ್ತೇನೆ ಎಂದು ಸಮಿತಿಗೆ ತಿಳಿಸಿದ್ದೇನೆ. ರಸೀದಿ ಪುಸ್ತಕ ತರಬೇಡ, ಮೊದಲ ಸುತ್ತು ಪರಿಚಯಕ್ಕೆ ಮಾತ್ರ ಎಂದು ಅವನಿಗೆ ಹೇಳಿಯಾಗಿದೆ.